ಐದನೆಯ ಕೋಣೆ

ಮೇ ತಿಂಗಳೆಂದರೆ ಕನ್ನಡನಾಡಿನ ಜನ ಬಿಸಿಲಿನ ಬೇಗೆಗೆ ಬೇಸತ್ತು, ಮುಂಗಾರಿನ ಮೊದಲ ಮೋಡಕ್ಕಾಗಿ ಕತ್ತೆತ್ತಿ ನೋಡುವ ಕಾಲ. ಫ್ರಾನ್ಸು ದೇಶದ ಹಳ್ಳಿಗಾಡಿಗೆ ಅದೇ ತಿಂಗಳು ಬೇಸಿಗೆಯ ಹೊಸ್ತಿಲು. ಚಳಿಗಾಲವಿಡೀ ಮುಚ್ಚಿದ್ದ ಕಿಟಕಿಗಳ ಮರದ ಕದಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆಫ್ರಿಕಾ ಖಂಡದಿಂದ ಹಿಂದಿರುಗಿದ ಅಂಬರಗುಬ್ಬಿಗಳು ಕೊಟ್ಟಿಗೆಯ ತೊಲೆಗಳ ಮೇಲಿನ ಹಳೆಯ ಗೂಡುಗಳಿಗೆ ಹೊಸ ಮಣ್ಣು ಮೆತ್ತುತ್ತವೆ. ಗೋದಿಯ ಹಸುರಿನ ನಡುವೆ ಕಾಡುಗಸಗಸೆಯ ಕೆಂಪು ಹೂಗಳು ಕುಂಕುಮ ಚೆಲ್ಲಿದಂತೆ ಕಾಣಿಸಿಕೊಳ್ಳುತ್ತವೆ. ಹಕ್ಕಿಗಳ ಹಿಂದೆಯೇ ಇನ್ನೊಂದು ವಲಸೆ ಆರಂಭವಾಗುತ್ತದೆ. ಅದು ಪ್ರವಾಸಿಗರದು.

ಪ್ಯಾರಿಸ್ಸಿನಿಂದ ನೈಋತ್ಯಕ್ಕೆ ಸುಮಾರು ೫೦೦ ಕಿಲೋಮೀಟರು ದೂರದಲ್ಲಿ ಪೆರಿಗೋರ್ ಎಂಬ ಪ್ರಾಂತ್ಯವಿದೆ. ಸರಕಾರದ ಕಾಗದಪತ್ರಗಳಲ್ಲಿ ಅದರ ಹೆಸರು ದೋರ್ದೋನ್ ಜಿಲ್ಲೆ. ಜನರ ಬಾಯಲ್ಲಿ ಮಾತ್ರ ಇಂದಿಗೂ ಪೆರಿಗೋರ್. ದೋರ್ದೋನ್ ಮತ್ತು ವೆಜೇರ್ ಎಂಬ ಎರಡು ನದಿಗಳು ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದುಕೊಂಡು ಬಳಸಿ ಬಳಸಿ ಹರಿಯುವ ಸೀಮೆ ಇದು. ವೆಜೇರ್ ನದಿಯ ದಂಡೆಯ ಬಂಡೆಗಳಲ್ಲಿ ಹಳೆಯ ಶಿಲಾಯುಗದ ಮಾನವ ವಾಸವಾಗಿದ್ದ. ಲೆಜೇಜಿ ಎಂಬ ಊರಿನ ಬಳಿ ೧೮೬೮ರಲ್ಲಿ ದೊರೆತ ಎಲುಬುಗಳಿಂದಲೇ 'ಕ್ರೋಮಾನ್ಯೋನ್ ಮಾನವ' ಎಂಬ ಹೆಸರು ಜಗತ್ತಿನ ಪಠ್ಯಪುಸ್ತಕಗಳಿಗೆ ಬಂದದ್ದು. ಒಂದು ದೃಷ್ಟಿಯಿಂದ ನೋಡಿದರೆ, ಬಂದವರಿಗೆ ಸೂರು ಕೊಡುವುದು ಈ ಕಣಿವೆಗೆ ಸಾವಿರಾರು ವರ್ಷಗಳ ಹಳೆಯ ಕಸುಬು.

ಈ ಕಣಿವೆಯಲ್ಲಿ ಲಾಸ್ಕೋ ಗುಹೆಗೆ ಅಷ್ಟೇನೂ ದೂರವಿಲ್ಲದ ಒಂದು ಸಣ್ಣ ಕೇರಿ, ಏಳೆಂಟು ಮನೆಗಳು, ಅವುಗಳಲ್ಲಿ ಒಂದು ಅತಿಥಿಗೃಹ. ಅಲ್ಲಿನ ಒಂದು ಬೇಸಿಗೆಯ ಮೊದಲ ಆರು ವಾರಗಳ ಕಥೆ ಇದು.

ಕಲ್ಲಿನ ಸೂರು

ಮನೆ ಜೇನುಬಣ್ಣದ ಕಲ್ಲಿನದು. ಗೋಡೆಗಳು ಒಂದು ಮೊಳಕ್ಕಿಂತ ದಪ್ಪ. ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಮಾಡಿನ ಕಡೆಗೆ. ಅದು ಹೆಂಚಿನ ಮಾಡಲ್ಲ. ಚಪ್ಪಟೆ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಲಗಿಸಿ ಕಟ್ಟಿದ ಕಲ್ಲುಮಾಡು. ಅಂತಹ ಮಾಡಿನ ಒಂದೊಂದು ಚದರ ಮೀಟರು ನೂರಾರು ಕಿಲೋ ತೂಗುತ್ತದೆ. ಕಲ್ಲುಗಳು ತಮ್ಮ ತೂಕದಿಂದಲೇ ನಿಂತಿರಬೇಕಾದುದರಿಂದ ಮಾಡು ಬಹಳ ಕಡಿದಾಗಿರುತ್ತದೆ. ಅಡಿಯಲ್ಲಿ ಓಕ್ ಮರದ ಭಾರೀ ತೊಲೆಗಳು. ಸರಿಯಾಗಿ ಕಟ್ಟಿದರೆ ನೂರು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಆದರೆ ಬಾಳು ತೀರಿದ ಮೇಲೆ ಅದನ್ನು ಬಿಚ್ಚಿ ಮತ್ತೆ ಕಟ್ಟಬಲ್ಲ ಕೆಲಸಗಾರರು ಬೆರಳೆಣಿಕೆಯಷ್ಟು ಮಂದಿ. ಅವರ ಕೂಲಿಯೋ ಸಾಮಾನ್ಯ ಗೃಹಸ್ಥನ ಎದೆ ನಡುಗಿಸುವಂಥದು.

ಈ ಮನೆಯ ಯಜಮಾನ ಐವತ್ತೈದರ ಆಸುಪಾಸಿನವನು. ಆತನ ತಾತನ ಕಾಲದಲ್ಲಿ ಮನೆಗೆ ಅಕ್ರೋಟಿನ ತೋಪಿತ್ತು, ನಾಲ್ಕು ಹಸುಗಳಿದ್ದವು, ಬಾತುಕೋಳಿಗಳ ಹಿಂಡಿತ್ತು, ಹೊಗೆಸೊಪ್ಪಿನ ಹೊಲವಿತ್ತು. ಹೊಗೆಸೊಪ್ಪು ಒಣಗಿಸಲು ಮರದ ಹಲಗೆಗಳಿಂದ ಕಟ್ಟಿದ ಎತ್ತರದ ಕೊಟ್ಟಿಗೆ ಅಂಗಳದ ಆಚೆ ಈಗಲೂ ನಿಂತಿದೆ. ಒಳಗೆ ಮಾತ್ರ ಏನೂ ಇಲ್ಲ. ಒಕ್ಕಲುತನದಿಂದ ಹೊಟ್ಟೆ ತುಂಬದೆ ಹುಡುಗರು ಒಬ್ಬೊಬ್ಬರಾಗಿ ಪಟ್ಟಣಗಳನ್ನು ಸೇರಿದರು. ಶಾಲೆ ಮುಚ್ಚಿತು, ದಿನಸಿ ಅಂಗಡಿ ಮುಚ್ಚಿತು. ಕೇರಿಯ ಮೂರು ಮನೆಗಳನ್ನು ಇಂಗ್ಲೆಂಡು ಮತ್ತು ಹಾಲೆಂಡಿನ ಜನ ಕೊಂಡು, ವರ್ಷಕ್ಕೆ ಆರು ವಾರ ಬಂದು ಇದ್ದು ಹೋಗುತ್ತಾರೆ. ಉಳಿದ ಕಾಲವೆಲ್ಲ ಆ ಮನೆಗಳ ಕಿಟಕಿಗಳು ಮುಚ್ಚಿಯೇ ಇರುತ್ತವೆ.

ಯಜಮಾನನೂ ಹಾಗೆಯೇ ಪಟ್ಟಣ ಸೇರಿದವನು. ಇಪ್ಪತ್ತು ವರ್ಷ ಗುಮಾಸ್ತೆಗಿರಿ ಮಾಡಿ, ತಂದೆ ತೀರಿಕೊಂಡ ಮೇಲೆ ಹೆಂಡತಿಯೊಡನೆ ಹಿಂದಿರುಗಿದ. ಎದುರಿಗೆ ಎರಡು ದಾರಿಗಳಿದ್ದವು. ಮನೆಯನ್ನು ಮಾರುವುದು ಒಂದು; ಮನೆಯೊಳಗೆ ಪರರನ್ನು ಕರೆದು, ಅವರು ಕೊಡುವ ಹಣದಿಂದ ಮನೆಯನ್ನು ಉಳಿಸಿಕೊಳ್ಳುವುದು ಇನ್ನೊಂದು. ಆತ ಎರಡನೆಯದನ್ನು ಹಿಡಿದ.

ಈ ದಾರಿಯನ್ನು ಹಿಡಿದವರಲ್ಲಿ ಆತ ಮೊದಲಿಗನೇನಲ್ಲ. ಎರಡನೆಯ ಮಹಾಯುದ್ಧದ ತರುವಾಯ ಹಳ್ಳಿಗಳು ಬರಿದಾಗುತ್ತಿದ್ದುದನ್ನು ಕಂಡು, ಆಲ್ಪ್ಸ್ ಸೀಮೆಯ ಸೆನೆಟ್ ಸದಸ್ಯ ಎಮೀಲ್ ಓಬೇರ್ ಎಂಬವರು, ಪಾಳುಬೀಳುತ್ತಿದ್ದ ಒಕ್ಕಲು ಮನೆಗಳನ್ನು ದುರಸ್ತಿಮಾಡಿ ಪಟ್ಟಣದ ಸಂಸಾರಗಳಿಗೆ ರಜೆಯ ಬಿಡಾರವಾಗಿ ಬಾಡಿಗೆಗೆ ಕೊಡುವ ಯೋಜನೆಯನ್ನು ಹೂಡಿದರು. ಅಂತಹ ಮೊದಲ ಮನೆ ತೆರೆದದ್ದು ೧೯೫೧ರಲ್ಲಿ. ೧೯೫೫ರಲ್ಲಿ ಇದಕ್ಕೊಂದು ರಾಷ್ಟ್ರೀಯ ಒಕ್ಕೂಟವೇ ಏರ್ಪಟ್ಟಿತು. ಒಕ್ಕಲಿಗನಿಗೆ ನಾಲ್ಕು ಕಾಸು, ಪಟ್ಟಣಿಗನಿಗೆ ನಾಲ್ಕು ದಿನದ ಒಳ್ಳೆಯ ಗಾಳಿ ಎಂಬುದು ಅದರ ಸರಳ ತತ್ತ್ವ. ಮನೆಯವರೂ ಜೊತೆಗಿದ್ದು, ಕೋಣೆಯನ್ನಷ್ಟೇ ಕೊಟ್ಟು, ಬೆಳಗಿನ ಉಪಾಹಾರವನ್ನೂ ಬಡಿಸುವ ಪದ್ಧತಿಗೆ 'ಶಾಂಬ್ರ್ ದೋತ್', ಎಂದರೆ ಅತಿಥಿಯ ಕೋಣೆ, ಎಂದು ಹೆಸರು. ಇದಕ್ಕೆ ಫ್ರೆಂಚ್ ಕಾನೂನು ಒಂದು ಗೆರೆ ಎಳೆದಿದೆ: ಒಂದು ಮನೆಯಲ್ಲಿ ಐದು ಕೋಣೆಗಳಿಗಿಂತ ಹೆಚ್ಚಿರಕೂಡದು, ಹದಿನೈದು ಮಂದಿಗಿಂತ ಹೆಚ್ಚು ಅತಿಥಿಗಳಿರಕೂಡದು. ಆ ಗೆರೆಯನ್ನು ದಾಟಿದರೆ ಅದು ಮನೆಯಲ್ಲ, ಹೋಟೆಲು.

ಈ ಮನೆಯಲ್ಲಿ ನಾಲ್ಕು ಕೋಣೆಗಳಿದ್ದವು. ಬಾಗಿಲುಗಳ ಮೇಲೆ ನೀಲಿ ಎನಾಮಲ್ ಬಿಲ್ಲೆಗಳಲ್ಲಿ ೧ರಿಂದ ೪ರ ವರೆಗೆ ಅಂಕಿಗಳಿದ್ದವು. ೫ ಎಂಬ ಅಂಕಿಯ ಬಿಲ್ಲೆಯೊಂದು ಅಡುಗೆಮನೆಯ ಮಾಡದಲ್ಲಿ ಕಾಗದ ಸುತ್ತಿಕೊಂಡು ಕುಳಿತಿತ್ತು. ಅದನ್ನು ಹೊಡೆಯಬೇಕಾಗಿದ್ದ ಬಾಗಿಲು ಯಜಮಾನನ ತಾಯಿಯ ಕೋಣೆಯದು.

ನಸುಕಿನಿಂದ ನಡುರಾತ್ರಿಯವರೆಗೆ

ಮೇ ಮೊದಲನೆಯ ದಿನ ಫ್ರಾನ್ಸಿನಲ್ಲಿ ಕಾರ್ಮಿಕರ ರಜೆ. ಅಂದು ಗಂಟೆಯಾಕಾರದ ಪುಟ್ಟ ಬಿಳಿ ಹೂಗಳ ಕುಡಿಯೊಂದನ್ನು ಬೇಕಾದವರಿಗೆ ಕೊಡುವುದು ಅಲ್ಲಿನ ಪದ್ಧತಿ. ಅದು ಅದೃಷ್ಟ ತರುತ್ತದೆಂದು ನಂಬಿಕೆ. ಯಜಮಾನಿ ಬೆಳಗಿನ ಮೇಜಿನ ಮೇಲೆ ಅತಿಥಿಗಳ ತಟ್ಟೆಯ ಪಕ್ಕದಲ್ಲೆಲ್ಲ ಒಂದೊಂದು ಕುಡಿಯನ್ನು ಇಟ್ಟು ಋತುವನ್ನು ಆರಂಭಿಸುತ್ತಾಳೆ. ಮೇ ಎಂಟು, ಯೂರೋಪಿನಲ್ಲಿ ೧೯೪೫ರಲ್ಲಿ ಯುದ್ಧ ಮುಗಿದ ದಿನ, ಅದೂ ರಜೆ. ಈಸ್ಟರ್ ಹಬ್ಬದ ಲೆಕ್ಕದ ಮೇಲೆ ಬರುವ ಕ್ರಿಸ್ತನ ಸ್ವರ್ಗಾರೋಹಣದ ದಿನ ಯಾವಾಗಲೂ ಗುರುವಾರ. ಗುರುವಾರ ರಜೆಯಾದ ಮೇಲೆ ಶುಕ್ರವಾರವೊಂದಕ್ಕಾಗಿ ಕಛೇರಿಗೆ ಹೋಗುವುದೇಕೆ ಎಂದು ಫ್ರೆಂಚರು ಅದನ್ನೂ ಸೇರಿಸಿಕೊಂಡು ನಾಲ್ಕು ದಿನದ ರಜೆ ಮಾಡಿಕೊಳ್ಳುತ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ 'ಸೇತುವೆ ಕಟ್ಟುವುದು' ಎನ್ನುತ್ತಾರೆ. ರಜೆಗೆ ಸೇತುವೆ ಕಟ್ಟುವ ವಿದ್ಯೆಯನ್ನು ಬೆಂಗಳೂರಿನ ಗುಮಾಸ್ತರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲವಷ್ಟೆ!

ಸೇತುವೆಯ ದಿನಗಳಲ್ಲಿ ನಾಲ್ಕು ಕೋಣೆಗಳೂ ತುಂಬಿರುತ್ತವೆ. ಯಜಮಾನಿಯ ದಿನ ಐದೂವರೆಗೆ ಆರಂಭ. ರೊಟ್ಟಿಯಂಗಡಿ ಪಕ್ಕದ ಊರಿನಲ್ಲಿದೆ. ಯಜಮಾನ ಹೋಗಿ ಬಿಸಿಬಿಸಿಯಾದ ಉದ್ದನೆಯ ರೊಟ್ಟಿಗಳನ್ನು ತರುವಷ್ಟರಲ್ಲಿ ಆಕೆ ಕಾಫಿ ಇಳಿಸಿ, ಬೆಣ್ಣೆ, ಜೇನು, ಸ್ಟ್ರಾಬೆರಿಯ ಜಾಮು, ಅಂಜೂರದ ಜಾಮು, ಅಕ್ರೋಟಿನ ಕೇಕು ಎಲ್ಲವನ್ನೂ ಮೇಜಿನ ಮೇಲೆ ಹೊಂದಿಸಿರುತ್ತಾಳೆ. ಕಾಫಿಯನ್ನು ಲೋಟದಲ್ಲಲ್ಲ, ಅಂಗೈಯಗಲದ ಬೋಗುಣಿಯಲ್ಲಿ ಕೊಡುವುದು ಅಲ್ಲಿನ ಹಳ್ಳಿಮನೆಗಳ ರೂಢಿ. ಎರಡು ಕೈಗಳಿಂದ ಬೋಗುಣಿಯನ್ನು ಹಿಡಿದು, ಬೆಣ್ಣೆ ಹಚ್ಚಿದ ರೊಟ್ಟಿಯನ್ನು ಅದರಲ್ಲಿ ಅದ್ದಿ ತಿನ್ನುವಾಗ ಪ್ಯಾರಿಸ್ಸಿನ ದೊಡ್ಡ ವಕೀಲನೂ ಅಜ್ಜಿಯ ಮನೆಗೆ ಬಂದ ಹುಡುಗನಂತಾಗುತ್ತಾನೆ.

ಹತ್ತು ಗಂಟೆಗೆ ಹೋಗುವವರು ಹೋಗುತ್ತಾರೆ. ಕೂಡಲೇ ಕೋಣೆಗಳ ಕೆಲಸ. ಹಾಸಿಗೆಯ ಬಟ್ಟೆಗಳನ್ನು ತೆಗೆದು, ಒಗೆದು, ಅಂಗಳದ ಹಗ್ಗದ ಮೇಲೆ ಹರವಬೇಕು. ಈ ಬಟ್ಟೆಗಳಲ್ಲಿ ಕೆಲವು ಅಗಸೆನಾರಿನವು. ಯಜಮಾನನ ತಾಯಿ ಮದುವೆಯಾಗಿ ಬಂದಾಗ ತವರಿನಿಂದ ತಂದವು. ಮೂಲೆಯಲ್ಲಿ ಕೆಂಪು ದಾರದಿಂದ ಆಕೆಯ ಹೆಸರಿನ ಮೊದಲಕ್ಷರಗಳನ್ನು ಕಸೂತಿ ಹಾಕಿದೆ. ಮದುವೆಗೆ ಮುನ್ನ ಹುಡುಗಿಯರು ತಮ್ಮ ಬಟ್ಟೆಗೆ ತಾವೇ ಹೀಗೆ ಕಸೂತಿ ಹಾಕಿಕೊಳ್ಳುವುದು ಅಲ್ಲಿನ ಹಿಂದಿನ ಸಂಪ್ರದಾಯ. ಅರುವತ್ತು ವರ್ಷದ ಹಿಂದೆ ಒಬ್ಬ ಕನ್ಯೆ ತನ್ನ ಸಂಸಾರದ ಕನಸನ್ನು ಹೆಣೆದ ಬಟ್ಟೆಯ ಮೇಲೆ ಇಂದು ಹೆಸರು ಕುಲ ತಿಳಿಯದವರು ನಿದ್ರಿಸುತ್ತಾರೆ.

ಇದರ ನಡುವೆ ಕೈತೋಟದ ಕೆಲಸ. ಮೇ ೧೧, ೧೨, ೧೩ ಮೂರು ಸಂತರ ದಿನಗಳು; ಅವರಿಗೆ 'ಹಿಮದ ಸಂತರು' ಎಂದು ಹೆಸರು. ಆ ಮೂರು ದಿನ ಕಳೆಯುವ ತನಕ ರಾತ್ರಿಯ ಹಿಮ ಯಾವಾಗ ಬಂದು ಎಳೆಯ ಸಸಿಗಳನ್ನು ಸುಡುವುದೋ ಹೇಳಲಾಗದು. ೨೦೨೧ರ ಏಪ್ರಿಲ್ ತಿಂಗಳಿನಲ್ಲಿ ಬಿದ್ದ ಹಿಮ ಫ್ರಾನ್ಸಿನ ಎಷ್ಟೋ ದ್ರಾಕ್ಷಿಯ ಮತ್ತು ಹಣ್ಣಿನ ತೋಟಗಳನ್ನು ಒಂದೆರಡು ರಾತ್ರಿಗಳಲ್ಲಿ ಬೋಳು ಮಾಡಿದ್ದನ್ನು ಜನ ಮರೆತಿಲ್ಲ. ಸಂತರು ದಾಟಿದ ಮೇಲೆಯೇ ಟೊಮೇಟೊ, ಹುರುಳಿಕಾಯಿಯ ಸಸಿಗಳು ನೆಲಕ್ಕೆ ಇಳಿಯುತ್ತವೆ. ಬಟಾಣಿ, ಎಳೆಯ ಬೆಳ್ಳುಳ್ಳಿ, ಸ್ಟ್ರಾಬೆರಿಗಳು ಅಷ್ಟರಲ್ಲಾಗಲೇ ಕೈಗೆ ಬಂದಿರುತ್ತವೆ. ಜೂನ್ ಬರುತ್ತಲೂ ಹುಲ್ಲು ಕೊಯ್ಲು. ಲಿಂಡನ್ ಮರದ ಹೂ ಬಿಡಿಸಿ ನೆರಳಿನಲ್ಲಿ ಒಣಗಿಸುವ ಕೆಲಸ, ಅದರ ಕಷಾಯ ರಾತ್ರಿ ಒಳ್ಳೆಯ ನಿದ್ರೆ ತರುತ್ತದೆಂದು ಪ್ರತೀತಿ. ಜೂನ್ ೨೪ರ ಸಂತ ಯೋಹಾನನ ಹಬ್ಬದ ಹೊತ್ತಿಗೆ ಅಕ್ರೋಟಿನ ಹಸಿರು ಕಾಯಿಗಳನ್ನು ಕಿತ್ತು, ದ್ರಾಕ್ಷಾರಸದಲ್ಲಿ ನೆನೆಹಾಕಿ ಮದ್ಯ ತಯಾರಿಸುತ್ತಾರೆ. ಆ ರಾತ್ರಿ ಊರಿನ ಬಯಲಿನಲ್ಲಿ ಬೆಂಕಿ ಉರಿಸುತ್ತಾರೆ. ಕನ್ನಡಿಗರ ಕಾಮನ ಹುಣ್ಣಿಮೆಯನ್ನು ಕಂಡವರಿಗೆ ಆ ನೋಟ ಅಪರಿಚಿತವಾಗಲಾರದು.

ನಾಲ್ಕು ಗಂಟೆಗೆ ಹೊಸ ಅತಿಥಿಗಳು. ಒಬ್ಬರಿಗೆ ತಣ್ಣೀರು, ಒಬ್ಬರಿಗೆ ಗುಹೆಗೆ ಹೋಗುವ ದಾರಿ, ಮತ್ತೊಬ್ಬರಿಗೆ ಮಗುವಿನ ಹಾಲು ಕಾಯಿಸಲು ಒಲೆ. ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಹತ್ತಕ್ಕೆ ಸಮೀಪವಾದರೂ ಆಕಾಶದಲ್ಲಿ ಬೆಳಕು ಆರುವುದಿಲ್ಲ. ಬೆಳಕು ಆರದೆ ಅತಿಥಿಗಳು ಮಲಗುವುದಿಲ್ಲ. ಅತಿಥಿಗಳು ಮಲಗದೆ ಯಜಮಾನಿ ಮಲಗುವಂತಿಲ್ಲ.

ಒಂದೇ ಮೇಜು

ಬೇಕೆಂದು ಮೊದಲೇ ಹೇಳಿದವರಿಗೆ ರಾತ್ರಿಯ ಊಟವೂ ಉಂಟು. ಇದಕ್ಕೂ ನಿಯಮವಿದೆ: ಉಳಿದುಕೊಂಡ ಅತಿಥಿಗಳಿಗೆ ಮಾತ್ರ ಊಟ, ಎಲ್ಲರಿಗೂ ಒಂದೇ ಅಡುಗೆ, ಮನೆಯವರ ಮೇಜಿನಲ್ಲೇ ಎಲ್ಲರೂ ಕೂಡಬೇಕು. ಪ್ಯಾರಿಸ್ಸಿನವರು, ಬೆಲ್ಜಿಯಮಿನವರು, ಇಂಗ್ಲೆಂಡಿನವರು ಅಕ್ಕಪಕ್ಕ ಕುಳಿತು, ಮೊದಲು ಉಪ್ಪಿನ ಬಟ್ಟಲು ಕೇಳುವ ನೆಪದಲ್ಲಿ, ಆಮೇಲೆ ಮಕ್ಕಳ ವಿಷಯದಲ್ಲಿ ಮಾತಿಗಿಳಿಯುತ್ತಾರೆ.

ಪೆರಿಗೋರ್ ಪ್ರಾಂತ್ಯದ ಊಟ ಬಾತುಕೋಳಿಗೆ ಹೆಸರಾದುದು. ಸಸ್ಯಾಹಾರಿಯಾದ ಪ್ರವಾಸಿಗನಿಗೆ ಮೊದಲ ದಿನ ಕಣ್ಣಲ್ಲಿ ನೀರು ಬಂದರೂ ಬರಬಹುದು. ಆದರೆ ಎಳೆಯ ಬೆಳ್ಳುಳ್ಳಿ, ಬಟಾಣಿ, ಮೇಕೆಯ ಹಾಲಿನ ಪುಟ್ಟ ಗಿಣ್ಣು, ಅಕ್ರೋಟಿನ ಎಣ್ಣೆ ಬೆರೆಸಿದ ಸೊಪ್ಪಿನ ಕೋಸಂಬರಿ, ಸ್ಟ್ರಾಬೆರಿ ಇಷ್ಟರಲ್ಲೇ ಆತನ ಹೊಟ್ಟೆಯೂ ತುಂಬುತ್ತದೆ. ಬೆಳ್ಳುಳ್ಳಿಯ ಸಾರು ಈ ಸೀಮೆಯ ವಿಶೇಷ. ತಟ್ಟೆಯಲ್ಲಿ ಕೊನೆಯ ನಾಲ್ಕು ಚಮಚ ಸಾರು ಉಳಿದಾಗ ಅದಕ್ಕೆ ಕೆಂಪು ದ್ರಾಕ್ಷಾರಸವನ್ನು ಸುರಿದು, ತಟ್ಟೆಯನ್ನೇ ಎತ್ತಿ ಬಾಯಿಗಿಟ್ಟು ಕುಡಿಯುವುದು ಹಳಬರ ಪದ್ಧತಿ. ಮೇಜಿನ ತುದಿಯಲ್ಲಿ ಕುಳಿತ ಯಜಮಾನನ ತಾಯಿ ಈಗಲೂ ಹಾಗೆಯೇ ಮಾಡುತ್ತಾಳೆ. ಅತಿಥಿಗಳು ಮೊದಲು ಬೆರಗಾಗುತ್ತಾರೆ. ಆಮೇಲೆ ತಾವೂ ಅನುಕರಿಸಿ, ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಾರೆ.

ಫ್ರೆಂಚ್ ಭಾಷೆಯಲ್ಲಿ ಒಂದು ವಿಚಿತ್ರವಿದೆ. 'ಓತ್' ಎಂಬ ಶಬ್ದಕ್ಕೆ ಅತಿಥಿ ಎಂದೂ ಅರ್ಥ, ಆತಿಥೇಯ ಎಂದೂ ಅರ್ಥ. ಬಂದವನಿಗೂ ಬರಮಾಡಿಕೊಂಡವನಿಗೂ ಒಂದೇ ಮಾತು. ಕನ್ನಡಿಗರು ಸಂಸ್ಕೃತದಿಂದ ಪಡೆದ 'ಅತಿಥಿ' ಎಂಬ ಮಾತಿಗೆ ಪಂಡಿತರು ಹೇಳುವ ಅರ್ಥ, ತಿಥಿ ಗೊತ್ತುಮಾಡದೆ ಬರುವವನು ಎಂದು. ಈ ಲೆಕ್ಕದಲ್ಲಿ ನೋಡಿದರೆ ಯಜಮಾನಿಯ ಪುಸ್ತಕದಲ್ಲಿ ಬಂದ ದಿನ, ಹೋಗುವ ದಿನ, ಮುಂಗಡ ಹಣ ಎಲ್ಲವನ್ನೂ ಬರೆಸಿಕೊಂಡವರು ಅತಿಥಿಗಳೇ ಅಲ್ಲ!

ಮುದುಕಿಯ ತಕರಾರೂ ಹೆಚ್ಚುಕಡಿಮೆ ಇದೇ ಆಗಿತ್ತು.

ಮುದುಕಿಯ ವಾದ

ಮನೆಯಲ್ಲಿ ಎಲ್ಲಕ್ಕಿಂತ ಚೆಲುವಾದ ಕೋಣೆ ಆಕೆಯದು. ಕೆಳಗಿನ ಅಂತಸ್ತು, ಆಳೆತ್ತರದ ಕಲ್ಲಿನ ಅಗ್ಗಿಷ್ಟಿಕೆ, ಅದರ ಪಕ್ಕದಲ್ಲಿ ಹಿಂದೆ ರೊಟ್ಟಿ ಬೇಯಿಸುತ್ತಿದ್ದ ಗೂಡು, ಕಿಟಕಿಯಿಂದ ನೋಡಿದರೆ ನದಿ. ಅದನ್ನು ಐದನೆಯ ಕೋಣೆಯಾಗಿ ಮಾಡಿದರೆ ಉಳಿದವುಗಳಿಗಿಂತ ಹೆಚ್ಚಿನ ಬಾಡಿಗೆ ಖಂಡಿತ. ಹಿಂದಿನ ಚಳಿಗಾಲದಲ್ಲಿ ಮಾಡಿನ ಉತ್ತರದ ಇಳಿಜಾರಿನಲ್ಲಿ ಕಲ್ಲುಗಳು ಜಾರಿ, ತೊಲೆಯೊಂದಕ್ಕೆ ನೀರು ಇಳಿದಿತ್ತು. ಕೆಲಸಗಾರ ಬಂದು ನೋಡಿ ಹೇಳಿದ ಮೊತ್ತವನ್ನು ಯಜಮಾನ ಮೂರು ಸಲ ಕೂಡಿ ನೋಡಿದ. ಮೂರು ಸಲವೂ ಅಷ್ಟೇ ಬಂತು.

"ಅಮ್ಮ, ನಿನಗೆ ಹಿತ್ತಲ ಕಡೆಯ ಕೋಣೆಯನ್ನು ಸುಣ್ಣ ಹೊಡೆಸಿ ಸಿದ್ಧಮಾಡಿಕೊಡುತ್ತೇನೆ. ಬೆಚ್ಚಗಿರುತ್ತದೆ. ಮಾಡು ಬಿದ್ದರೆ ನಿನ್ನ ಕೋಣೆಯೂ ಇಲ್ಲ, ನನ್ನದೂ ಇಲ್ಲ" ಎಂದು ಆತ ಮೇ ತಿಂಗಳ ಒಂದು ಸಂಜೆ ಕೇಳಿದ.

ಮುದುಕಿ ಬಟಾಣಿ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಈ ಕೋಣೆಯನ್ನು ನಾನು ಯಾರಿಗೂ ಕೊಡುವುದಿಲ್ಲವೆಂದು ಹೇಳಿದೆನೇ? ಮಾರುವುದಿಲ್ಲವೆಂದು ಹೇಳಿದೆ" ಎಂದಳು.

ಆಕೆಯ ಮಾತಿನ ಹಿಂದೆ ಒಂದು ಚರಿತ್ರೆಯಿತ್ತು. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗುತ್ತಲೂ ಜರ್ಮನಿಯ ಗಡಿಯಲ್ಲಿದ್ದ ಸ್ತ್ರಾಸ್‌ಬೂರ್ ನಗರವನ್ನು ಸರಕಾರ ಬರಿದು ಮಾಡಿಸಿತು. ಅಲ್ಲಿನ ಸಹಸ್ರಾರು ಸಂಸಾರಗಳನ್ನು ರೈಲುಗಳಲ್ಲಿ ತುಂಬಿ ದೇಶದ ಇನ್ನೊಂದು ಮೂಲೆಯಾದ ಈ ದೋರ್ದೋನ್ ಜಿಲ್ಲೆಗೆ ಕಳುಹಿಸಿದರು. ಬಂದವರಲ್ಲಿ ಅನೇಕರ ಮನೆಮಾತು ಜರ್ಮನ್ ಭಾಷೆಗೆ ಹತ್ತಿರದ ಆಲ್ಸಾಸಿನ ನುಡಿ. ಶತ್ರುವಿನ ಮಾತನ್ನಾಡುವ ಈ ಜನರನ್ನು ಹಳ್ಳಿಯವರು ಮೊದಲು ಅನುಮಾನದಿಂದ ನೋಡಿದರು. ಹಾಗಿದ್ದರೂ ಮನೆಮನೆಯಲ್ಲೂ ಒಂದೊಂದು ಬಿಡಾರವಾಯಿತು. ಈ ಮನೆಯಲ್ಲಿ, ಈ ಅಗ್ಗಿಷ್ಟಿಕೆಯ ಕೋಣೆಯಲ್ಲಿ, ಗಂಡ ಹೆಂಡತಿ ಮೂರು ಮಕ್ಕಳ ಒಂದು ಸಂಸಾರ ಒಂದು ಚಳಿಗಾಲ ಕಳೆಯಿತು. ಬಹುಮಂದಿ ೧೯೪೦ರಲ್ಲಿ ಹಿಂದಿರುಗಿದರು. ಆ ಸಂಸಾರವೂ ಹೋಯಿತು. ಮುದುಕಿ ಆಗ ಇನ್ನೂ ಹುಟ್ಟಿರಲಿಲ್ಲ. ಆದರೆ ಆಕೆ ಸೊಸೆಯಾಗಿ ಬಂದ ದಿನ ಅತ್ತೆ ಕೋಣೆಯನ್ನು ತೋರಿಸಿ ಹೇಳಿದ ಮೊದಲ ಮಾತು ಅದೇ ಆಗಿತ್ತು: ಇದು ಹೇಳದೆ ಬರುವವರ ಕೋಣೆ, ಯಾರೂ ಬರದ ದಿನಗಳಲ್ಲಿ ನಾವು ಇರುತ್ತೇವೆ.

"ಅತಿಥಿಗಳಿಂದ ಮನೆ ಉಳಿಯುತ್ತದೆ ಅನ್ನುತ್ತೀಯೆ. ಅತಿಥಿಗಳಿಂದ ಮನೆ ಹೋಗುವುದನ್ನೂ ನಾನು ಕಂಡಿದ್ದೇನೆ" ಎಂದಳು ಮುದುಕಿ.

ಆಕೆ ಹೇಳಿದ್ದು ಜೋಸೆಫೀನ್ ಬೇಕರಳ ಕಥೆ. ಅಮೆರಿಕಾದಲ್ಲಿ ಬಡತನದಲ್ಲಿ ಹುಟ್ಟಿ, ಪ್ಯಾರಿಸ್ಸಿನ ರಂಗಮಂಟಪಗಳಲ್ಲಿ ಜಗತ್ಪ್ರಸಿದ್ಧಳಾದ ಈ ಕರಿಯ ನರ್ತಕಿ, ದೋರ್ದೋನ್ ನದಿಯ ಮೇಲಿನ ಮಿಲಾಂದ್ ಕೋಟೆಮನೆಯನ್ನು ೧೯೪೭ರಲ್ಲಿ ಕೊಂಡಳು. ಯುದ್ಧಕಾಲದಲ್ಲಿ ಫ್ರಾನ್ಸಿನ ಗುಪ್ತಸೇವೆ ಮಾಡಿದ ಧೀರೆ ಆಕೆ. ಬೇರೆ ಬೇರೆ ದೇಶ ಜನಾಂಗಗಳ ಹನ್ನೆರಡು ಮಕ್ಕಳನ್ನು ದತ್ತು ತೆಗೆದುಕೊಂಡು, ಮನುಷ್ಯರು ಅಣ್ಣತಮ್ಮಂದಿರಂತೆ ಬಾಳಬಹುದೆಂದು ಲೋಕಕ್ಕೆ ತೋರಿಸಲು ಹೊರಟಳು. ಹೋಟೆಲು, ನಾಟಕಶಾಲೆ ಕಟ್ಟಿಸಿ, ಪ್ರವಾಸಿಗರಿಗೆ ಬಾಗಿಲು ತೆರೆದಳು. ಜನ ಬಂದರು, ಹಣವೂ ಬಂತು. ಬಂದದ್ದಕ್ಕಿಂತ ಹೆಚ್ಚು ಹೋಯಿತು. ೧೯೬೮ರಲ್ಲಿ ಆಸ್ತಿ ಮಾರಾಟವಾಯಿತು. ಮರುವರ್ಷ ಆಕೆಯನ್ನು ಹೊರಹಾಕಿದರು. ತಲೆಗೆ ಟೋಪಿ, ಮೊಣಕಾಲಿಗೆ ಹೊದಿಕೆ ಹಾಕಿಕೊಂಡು ತನ್ನದೇ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತ ಆಕೆಯ ಚಿತ್ರ ಆಗಿನ ಪತ್ರಿಕೆಗಳಲ್ಲಿ ಬಂತು. ೨೦೨೧ರಲ್ಲಿ ಫ್ರಾನ್ಸು ಆಕೆಗೆ ಪ್ಯಾರಿಸ್ಸಿನ ಪ್ಯಾಂಥಿಯನ್ ಮಂದಿರದಲ್ಲಿ ಮಹಾಪುರುಷರ ಸಾಲಿನಲ್ಲಿ ಸ್ಥಾನ ಕೊಟ್ಟಿತು. ಆದರೆ ಮನೆ ಹೋದದ್ದು ಹೋಗಿಯೇ ಹೋಯಿತು.

ಮುದುಕಿ ಹೇಳದಿದ್ದ ಇನ್ನೊಂದು ದೃಷ್ಟಾಂತ ಬೆಟ್ಟದ ಆಚೆಯೇ ಇತ್ತು. ೧೯೪೦ರ ಸೆಪ್ಟೆಂಬರ್ ೧೨ರಂದು ಮೊಂತಿನ್ಯಾಕ್ ಊರಿನ ಬಳಿ ನಾಲ್ವರು ಹುಡುಗರು ಒಂದು ಬಿಲದೊಳಗೆ ಇಳಿದು ಲಾಸ್ಕೋ ಗುಹೆಯನ್ನು ಕಂಡರು. ಸಾವಿರಾರು ವರ್ಷಗಳ ಹಿಂದಿನ ಮಾನವ ಬರೆದ ಗೂಳಿ, ಕುದುರೆ, ಜಿಂಕೆಗಳು ನಿನ್ನೆ ಬರೆದಂತೆ ಗೋಡೆಗಳ ಮೇಲೆ ಓಡುತ್ತಿದ್ದವು. ೧೯೪೮ರಲ್ಲಿ ಗುಹೆಯನ್ನು ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಮಿಕ್ಕಿ ನೋಟಕರು ಬಂದರು. ಅವರು ಬಿಟ್ಟ ಉಸಿರಿನಿಂದಲೇ, ಮೈಯ ಬಿಸಿಯಿಂದಲೇ ಗೋಡೆಗಳ ಮೇಲೆ ಹಸುರು ಪಾಚಿ ಹುಟ್ಟಿತು. ೧೯೬೩ರಲ್ಲಿ ಸಂಸ್ಕೃತಿ ಖಾತೆಯ ಸಚಿವರಾಗಿದ್ದ ಸಾಹಿತಿ ಆಂದ್ರೆ ಮಾಲ್ರೋ ಗುಹೆಯನ್ನು ಮುಚ್ಚಿಸಿದರು. ಇಂದು ಪ್ರವಾಸಿಗರು ನೋಡುವುದು ೧೯೮೩ರಲ್ಲಿ ತೆರೆದ ಪ್ರತಿಕೃತಿಯನ್ನು ಮತ್ತು ೨೦೧೬ರಲ್ಲಿ ತೆರೆದ ಇನ್ನೂ ದೊಡ್ಡ ಪ್ರತಿಕೃತಿಯನ್ನು. ಯಾರೂ ಏನನ್ನೂ ಮುಟ್ಟಲಿಲ್ಲ, ಮುರಿಯಲಿಲ್ಲ. ಪ್ರೀತಿಯಿಂದ ನೋಡಲು ಬಂದವರ ಉಸಿರೇ ಸಾಕಾಯಿತು.

ಮಗ ಆ ಸಂಜೆ ಮರುಮಾತಾಡಲಿಲ್ಲ. ಬಿಲ್ಲೆ ಮಾಡದಲ್ಲೇ ಉಳಿಯಿತು. ಆದರೆ ತಾಯಿ ಮಗನ ನಡುವೆ ಮಾತು ಕಡಿಮೆಯಾಯಿತು. ಸೊಸೆ ಇಬ್ಬರಿಗೂ ಬಡಿಸುತ್ತ, ಇಬ್ಬರ ಮುಖವನ್ನೂ ನೋಡುತ್ತ, ಮೇ ಕಳೆದು ಜೂನ್ ಬಂತು.

ಆಲಿಕಲ್ಲಿನ ರಾತ್ರಿ

ಜೂನ್ ತಿಂಗಳ ನಡುವೆ ಒಂದು ದಿನ ಬೆಳಗಿನಿಂದಲೇ ಸೆಕೆ. ಗಾಳಿ ಇಲ್ಲ, ಎಲೆ ಅಲುಗದು. ಸಂಜೆಯ ಹೊತ್ತಿಗೆ ನದಿಯ ಆಚೆಯ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಹಗ್ಗದ ಮೇಲಿನ ಬಟ್ಟೆಗಳನ್ನು ಯಜಮಾನಿ ಓಡಿ ಓಡಿ ಒಳಗೆ ತರುವಷ್ಟರಲ್ಲಿ ಮೊದಲ ಗುಡುಗು. ಆಮೇಲೆ ಆಲಿಕಲ್ಲು. ಕಾಲು ಗಂಟೆಯಲ್ಲಿ ಅಂಗಳವೆಲ್ಲ ಬೆಳ್ಳಗಾಯಿತು. ಅಕ್ರೋಟಿನ ಎಲೆ, ಎಳೆಗಾಯಿಗಳು ಉದುರಿ ಬಿದ್ದವು. ವಿದ್ಯುತ್ತು ಹೋಯಿತು. ನಾಲ್ಕು ಕೋಣೆಗಳ ಒಂಬತ್ತು ಮಂದಿ ಅತಿಥಿಗಳು ಮೇಣದ ಬತ್ತಿಗಳ ಬೆಳಕಿನಲ್ಲಿ ಅದೇ ಮೇಜಿನ ಸುತ್ತ ಕುಳಿತು, ಮಾಡಿನ ಮೇಲೆ ಕಲ್ಲು ಕಲ್ಲಿಗೆ ಬಡಿಯುವ ಸದ್ದನ್ನು ಕೇಳುತ್ತಿದ್ದರು. ಯಜಮಾನ ಅಟ್ಟದ ಮೇಲೆ, ನೀರು ಸೋರುವ ಕಡೆ ಬಕೆಟ್ಟುಗಳನ್ನು ಇಡುತ್ತಿದ್ದ.

ಒಂಬತ್ತೂವರೆಯ ಸುಮಾರಿಗೆ ಬಾಗಿಲು ತಟ್ಟಿದ ಸದ್ದು. ಯಜಮಾನಿ ತೆರೆದಳು. ಹೊರಗೆ ಒಬ್ಬ ಮನುಷ್ಯ, ಹತ್ತು ಹನ್ನೊಂದರ ಒಬ್ಬ ಹುಡುಗಿ, ಎರಡು ಸೈಕಲ್ಲುಗಳು. ಹಾಲೆಂಡಿನವರು, ರಜೆಗೆ ಬಂದ ತಂದೆ ಮಗಳು. ಮುಂದಿನ ಊರನ್ನು ಸೇರುವ ಮೊದಲೇ ಮಳೆ ಹಿಡಿದುಕೊಂಡಿತ್ತು. ಹುಡುಗಿಯ ಹಣೆಯ ಮೇಲೆ ಆಲಿಕಲ್ಲು ಬಿದ್ದು ಊದಿತ್ತು. ಆಕೆ ಅಳುತ್ತಿರಲಿಲ್ಲ, ನಡುಗುತ್ತಿದ್ದಳು.

"ಕೋಣೆಗಳೆಲ್ಲ ತುಂಬಿವೆ..." ಎಂದು ಯಜಮಾನಿಯ ಬಾಯಿಂದ ಅಭ್ಯಾಸಬಲದಿಂದ ಮಾತು ಹೊರಟುಹೋಯಿತು. ಹೊರಟ ಕ್ಷಣದಲ್ಲೇ ಆಕೆಗೆ ನಾಚಿಕೆಯಾಯಿತು.

ಒಳಗಿನಿಂದ ಮುದುಕಿಯ ದನಿ ಬಂತು: "ಯಾರಮ್ಮ ಅದು? ಬಾಗಿಲಲ್ಲಿ ಏಕೆ ನಿಲ್ಲಿಸಿದೆ? ಒಳಗೆ ಕರೆ."

ಅಗ್ಗಿಷ್ಟಿಕೆಯಲ್ಲಿ ಓಕ್ ಮರದ ಸೌದೆ ಹತ್ತಿಕೊಂಡಿತು. ಬೆಳ್ಳುಳ್ಳಿಯ ಸಾರು ಬಿಸಿಯಾಯಿತು. ಬೀರುವಿನ ತಳದಿಂದ, ಬಾಡಿಗೆಯ ಕೋಣೆಗಳಿಗೆ ಎಂದೂ ಕೊಡದೆ ಎತ್ತಿಟ್ಟಿದ್ದ ಒಂದು ಜೊತೆ ಹಾಸುಬಟ್ಟೆಯನ್ನು ಮುದುಕಿ ತೆಗೆದಳು. ತನ್ನ ಮಂಚವನ್ನು ತಂದೆ ಮಗಳಿಗೆ ಬಿಟ್ಟುಕೊಟ್ಟು, ತಾನು ಅಡುಗೆಮನೆಯ ಬೆಂಚಿನ ಮೇಲೆ ಒರಗಿದಳು. ಸೊಸೆ ತನ್ನ ಮಂಚಕ್ಕೆ ಬರಬೇಕೆಂದು ಎಷ್ಟು ಹೇಳಿದರೂ ಕೇಳಲಿಲ್ಲ. "ನನ್ನ ಅತ್ತೆ ಒಂದು ಚಳಿಗಾಲವಿಡೀ ಇಲ್ಲೇ ಮಲಗಿದ್ದಳು. ನನಗೆ ಒಂದು ರಾತ್ರಿ ಹೆಚ್ಚೇ?" ಎಂದಳು.

ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಒಂಬತ್ತು ಮಂದಿಯ ಮೇಜಿನಲ್ಲಿ ಹನ್ನೊಂದು ಬೋಗುಣಿಗಳು ಕುಳಿತವು. ಪ್ಯಾರಿಸ್ಸಿನ ವಕೀಲ ತನ್ನ ಷರಟನ್ನು ಮಡಿಸಿಕೊಂಡು ಹುಡುಗಿಯ ಸೈಕಲ್ಲಿನ ಚಕ್ರ ಸರಿಮಾಡಿದ. ಹೊರಡುವಾಗ ತಂದೆ ಹಣದ ಚೀಲ ತೆಗೆದ. ಯಜಮಾನಿ ಅತ್ತೆಯ ಮುಖ ನೋಡಿದಳು, ಕೈಯಲ್ಲಿ ಪುಸ್ತಕವಿತ್ತು.

"ಅದರಲ್ಲಿ ಬರೆಯಬೇಡ" ಎಂದಳು ಮುದುಕಿ. "ಇವರು ಅತಿಥಿಗಳು."

ಯಜಮಾನ ಅದನ್ನು ಕೇಳುತ್ತ ಅಂಗಳದಲ್ಲಿ ನಿಂತಿದ್ದ. ಮಾಡಿನಿಂದ ಜಾರಿದ ಏಳು ಚಪ್ಪಡಿಗಳು ಕಾಲ ಬಳಿ ಬಿದ್ದಿದ್ದವು. ಒಂದು ಮಾತ್ರ ಒಡೆದಿತ್ತು. ಉಳಿದವು ಮತ್ತೆ ಬಳಸುವಂತಿದ್ದವು. ಆತ ಅವುಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದ. ಆಮೇಲೆ ಅಂಗಳ ದಾಟಿ, ಹೊಗೆಸೊಪ್ಪಿನ ಹಳೆಯ ಕೊಟ್ಟಿಗೆಯ ಬಾಗಿಲು ತೆಗೆದು, ಬಹಳ ಹೊತ್ತು ಒಳಗೆ ನೋಡುತ್ತ ನಿಂತ. ಈ ಸೀಮೆಯಲ್ಲಿ ಇಂತಹ ಎಷ್ಟೋ ಕೊಟ್ಟಿಗೆಗಳನ್ನು ವಾಸದ ಮನೆಗಳಾಗಿ ಮಾರ್ಪಡಿಸಿದ್ದಾರೆ. ಹಲಗೆಗಳು ಗಟ್ಟಿಯಾಗಿದ್ದವು. ತೊಲೆಯ ಮೇಲೆ ಅಂಬರಗುಬ್ಬಿಯ ಗೂಡಿನಿಂದ ನಾಲ್ಕು ಕೊಕ್ಕುಗಳು ಇಣುಕುತ್ತಿದ್ದವು.

ಮಾಡಿನ ಕೆಲಸವನ್ನು ಎರಡು ವರ್ಷಗಳಿಗೆ ಹಂಚಿಕೊಳ್ಳುವುದೆಂದು ನಿಶ್ಚಯವಾಯಿತು: ಈ ವರ್ಷ ಉತ್ತರದ ಇಳಿಜಾರು, ಮುಂದಿನ ವರ್ಷ ದಕ್ಷಿಣದ್ದು. ಕೊಟ್ಟಿಗೆಯ ಕೆಲಸ ಮರಿಗಳು ಹಾರಿಹೋದ ಮೇಲೆ. ಸಂತ ಯೋಹಾನನ ಹಬ್ಬದ ಹಿಂದಿನ ದಿನ, ಆಲಿಕಲ್ಲಿಗೆ ಸಿಕ್ಕದೆ ಉಳಿದ ಹಸಿರು ಅಕ್ರೋಟುಗಳನ್ನು ತಾಯಿ ಮಗ ಇಬ್ಬರೂ ಅಂಗಳದಲ್ಲಿ ಕುಳಿತು ಹೆಚ್ಚಿದರು. ಅದರ ಕರೆ ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಇಬ್ಬರ ಕೈಗಳೂ ಕಪ್ಪಾಗಿದ್ದವು. ನಡುವೆ ಮಗ ಎದ್ದು ಹೋಗಿ, ಮಾಡದಿಂದ ನೀಲಿ ಬಿಲ್ಲೆಯನ್ನು ತಂದು, ಕಾಗದ ಬಿಚ್ಚಿ, ಕೊಟ್ಟಿಗೆಯ ಬಾಗಿಲಿನ ಮೇಲೆ ಹಿಡಿದು ತೋರಿಸಿದ.

"ಸ್ವಲ್ಪ ಎಡಕ್ಕೆ" ಎಂದಳು ತಾಯಿ.

ಹೀಗೆ ಆ ಮನೆಗೆ ಐದನೆಯ ಕೋಣೆ ಬಂತು. ಕಾನೂನಿನ ಗೆರೆಯೂ ಅಲ್ಲಿಗೇ ನಿಂತಿತು. ಅಗ್ಗಿಷ್ಟಿಕೆಯ ಕೋಣೆಯ ಬಾಗಿಲಿಗೆ ಮಾತ್ರ ಇಂದಿಗೂ ಅಂಕಿಯಿಲ್ಲ.